ಒಂದೇ ಬಣ್ಣ ಸಾಕು, ಬೆಳಕು ಪಕ್ಕದಿಂದ ಬೀಳಲಿ

(ಹಾಸನದಲ್ಲಿ ಚಿತ್ರಕಲಾ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಹೆಚ್ಚುಕಡಿಮೆ ಒಂದೇ ಬಣ್ಣದ ತೈಲವರ್ಣ ಚಿತ್ರದ ಬಗ್ಗೆ. ಅದರಲ್ಲಿ ಮನುಷ್ಯರಿಲ್ಲ, ಮರವಿಲ್ಲ, ಗುಡ್ಡವಿಲ್ಲ. ಉಬ್ಬು, ತಗ್ಗು, ಗೀರು, ಒರಟು, ನುಣುಪು, ಇಷ್ಟೇ. ಇಂಥ ಚಿತ್ರದ ಮುಂದೆ ನಿಂತವರು ಸಾಮಾನ್ಯವಾಗಿ "ಇದರಲ್ಲಿ ಏನು ಬರೆದಿದ್ದಾರೆ?" ಅಂತ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ನಾನು ಅವರಿಗೆ ಹೇಳುವುದು ಇಷ್ಟು: ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಗಮನಿಸಿ. ಒಂದೇ ಬಣ್ಣದ ಚಿತ್ರದಲ್ಲಿ ಗೆರೆ ಎಳೆಯುವ ಕೆಲಸ ಬೆಳಕಿನದು. ಆ ಬೆಳಕು ತಾಗುವುದಕ್ಕೆ ಏಣು, ಕುಳಿ ಮಾಡಿಕೊಡುವುದು ನಮ್ಮ ಕೆಲಸ. ಹಲಗೆ ಆರಿಸುವುದರಿಂದ ಹಿಡಿದು ಮೊಳೆ ಹೊಡೆದು ನೇತುಹಾಕುವವರೆಗೆ ಪ್ರತಿಯೊಂದು ನಿರ್ಧಾರವೂ ಇಲ್ಲಿಗೇ ಬಂದು ನಿಲ್ಲುತ್ತದೆ.

ಹಾಸನದವರಿಗೆ ಇದನ್ನು ದೂರದ ಮ್ಯೂಸಿಯಂ ತೋರಿಸಿ ಹೇಳಬೇಕಿಲ್ಲ. ಬೇಲೂರು ಇಲ್ಲಿಂದ ಸುಮಾರು 40 ಕಿಲೋಮೀಟರ್, ಹಳೇಬೀಡು ಇನ್ನೂ ಹತ್ತಿರ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಸ್ಥಾನದ ಹೊರಗೋಡೆ ಸುತ್ತ ಒಂದು ಸಲ ಬನ್ನಿ. ಎಲ್ಲ ಕಡೆ ಒಂದೇ ಬಣ್ಣ, ಹಸಿರು ಬೆರೆತ ಬೂದು. ಬಳಪದ ಕಲ್ಲು. ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ. ಅದಕ್ಕೇ ಶಿಲ್ಪಿಗಳು ಕೊರಳ ಹಾರದ ಹಿಂದಕ್ಕೂ ಉಳಿ ತೂರಿಸಿ ಕೊರೆಯಲು ಸಾಧ್ಯವಾಯಿತು. ಹಾರ ಎದೆಯಿಂದ ಬಿಡಿಸಿಕೊಂಡು ನಿಂತಿದೆ, ಅದರ ಹಿಂದೆ ಕಡುಗಪ್ಪು. ಆ ಕಪ್ಪನ್ನು ಯಾರೂ ಬಳಿದಿಲ್ಲ ಅಲ್ವಾ? ಕೊರೆದ ಆಳ ತಾನೇ ಕಪ್ಪಾಯಿತು.

ಮಳೆಗಾಲದ ಮೋಡ ಮುಚ್ಚಿದ ದಿನ ಅದೇ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿಗೆ ಹೋದರೆ ಪ್ರತಿ ಬೆರಳು, ಪ್ರತಿ ಬಳ್ಳಿ ಎದ್ದು ನಿಲ್ಲುತ್ತದೆ. ಆಮೇಲೆ ಒಳಗೆ ಹೋಗಿ ನವರಂಗದ, ಅಂದರೆ ಒಳಮಂಟಪದ, ಕಂಬಗಳನ್ನು ನೋಡಿ. ಅದೇ ಜಾತಿಯ ಕಲ್ಲು. ಆದರೆ ತಿರುಗಿಸಿ ಕಡೆದು, ಉಜ್ಜಿ, ಹೊಳಪು ತಂದಿದ್ದಾರೆ. ಬಾಗಿಲಿಂದ ಬಂದ ಬೆಳಕು ಕಂಬದ ಮೇಲೆ ಉದ್ದ ಪಟ್ಟಿಯಾಗಿ ನಿಲ್ಲುತ್ತದೆ. ಹೊರಗೆ ಆಳದ ಆಟ, ಒಳಗೆ ಹೊಳಪಿನ ಆಟ. ನಾವು ಕ್ಯಾನ್ವಾಸ್ ಮೇಲೆ ಮಾಡಬೇಕಾದ್ದು ಈ ಎರಡನ್ನೇ. ಚಿತ್ರಕಲೆ ಕಲಿಯುವ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋದಾಗ ಬರೀ ಶಿಲಾಬಾಲಿಕೆಯರ ಸ್ಕೆಚ್ ಮಾಡಿಸಿ ವಾಪಸ್ ತರಬೇಡಿ ಅಂತ ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ. ಒಂದು ಗೇಣು ಗೋಡೆ ಆರಿಸಿ, ಅದರ ನೆರಳನ್ನು ಮಾತ್ರ ಬರೆಸಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ.

ಚಿತ್ರಕಾರರಲ್ಲೂ ಈ ದಾರಿ ಹಿಡಿದವರಿದ್ದಾರೆ. ರಷ್ಯಾದ ಮಾಲೆವಿಚ್ 1918ರಲ್ಲೇ ಬಿಳಿಯ ಮೇಲೆ ಬಿಳಿ ಚೌಕ ಬರೆದರು. ಚೌಕದ ಬಿಳಿ ತಣ್ಣಗೆ, ಸುತ್ತಲಿನ ಬಿಳಿ ಸ್ವಲ್ಪ ಬೆಚ್ಚಗೆ. ಫ್ರಾನ್ಸಿನ ಪಿಯರ್ ಸುಲಾಜ್ 1979ರ ಸುಮಾರಿಗೆ ಇಡೀ ಕ್ಯಾನ್ವಾಸಿಗೆ ಕಪ್ಪು ತುಂಬಿ, ಅದರಲ್ಲಿ ಸಾಲು ಸಾಲು ಏಣು ಎಬ್ಬಿಸಿ, ಕಪ್ಪಿನ ಮೇಲೆ ಬೀಳುವ ಬೆಳಕನ್ನೇ ಚಿತ್ರ ಮಾಡಿದರು. 2022ರಲ್ಲಿ ತೀರಿಕೊಳ್ಳುವವರೆಗೂ ಆ ಕಪ್ಪನ್ನು ಬಿಡಲಿಲ್ಲ. ನಮ್ಮ ವಿ. ಎಸ್. ಗಾಯ್ತೊಂಡೆ, 1924ರಲ್ಲಿ ನಾಗಪುರದಲ್ಲಿ ಹುಟ್ಟಿದವರು, ರೋಲರ್ ಮತ್ತು ಪ್ಯಾಲೆಟ್ ನೈಫ್ (ಬಣ್ಣ ಕಲಸುವ, ಹಚ್ಚುವ ತೆಳು ಅಲಗು) ಹಿಡಿದು ಬಣ್ಣ ಹಚ್ಚುತ್ತಿದ್ದರು, ತೆಗೆಯುತ್ತಿದ್ದರು, ಮತ್ತೆ ಹಚ್ಚುತ್ತಿದ್ದರು. ವರ್ಷಕ್ಕೆ ಬೆರಳೆಣಿಕೆಯಷ್ಟೇ ಚಿತ್ರ. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ಮಾಡಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದವರು ಸೋಮನಾಥ ಹೋರ್. ಅವರು ಬಂಗಾಳದವರು. 1943ರ ಬರಗಾಲವನ್ನು ಕಣ್ಣಾರೆ ಕಂಡು ಬರೆದವರು. 1970ರ ದಶಕದಲ್ಲಿ ಅವರು ಬಣ್ಣವನ್ನೇ ಬಿಟ್ಟುಬಿಟ್ಟರು. ಜೇಡಿಮಣ್ಣು, ಮೇಣದ ಮೇಲೆ ಕೊಯ್ದು, ಚುಚ್ಚಿ, ಸುಟ್ಟು, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿಗೆ ಕಾಗದದ ತಿರುಳು ಒತ್ತಿದರು. ಬಂದದ್ದು ಬಿಳಿ ಹಾಳೆಯ ಮೇಲೆ ಬಿಳಿ ಗಾಯ. ಇಂಕು ಇಲ್ಲ. ಕೊಯ್ದ ಅಂಚು ಎಷ್ಟು ಎದ್ದಿದೆಯೋ ಅಷ್ಟು ನೆರಳು. ನೋವನ್ನು ಇಷ್ಟು ಕಡಿಮೆ ಸಾಮಾನಿನಲ್ಲಿ ಹೇಳಬಹುದು ಅಂತ ನನಗೆ ಗೊತ್ತಾದದ್ದು ಆ ಕೆಲಸ ನೋಡಿ. ಮೇಲ್ಮೈಯನ್ನು ಒರಟು ಮಾಡುವುದು ಅಲಂಕಾರದ ಕೆಲಸ ಅಂತ ಯಾರಾದರೂ ಅಂದರೆ ನಾನು ಸೋಮನಾಥ ಹೋರ್ ಹೆಸರು ಹೇಳುತ್ತೇನೆ.

ಈಗ ಕೆಲಸಕ್ಕೆ ಬರೋಣ.

ದಪ್ಪ ಬಣ್ಣ ಹಚ್ಚುವವರು ಎಳೆದು ಕಟ್ಟಿದ ಕ್ಯಾನ್ವಾಸಿಗಿಂತ ಹಲಗೆಯನ್ನು ನಂಬುವುದು ಒಳ್ಳೆಯದು. ಕ್ಯಾನ್ವಾಸ್ ಹವೆಗೆ ತಕ್ಕ ಹಾಗೆ ಬಿಗಿಯುತ್ತದೆ, ಸಡಿಲವಾಗುತ್ತದೆ. ಒಣಗಿದ ದಪ್ಪ ಬಣ್ಣಕ್ಕೆ ಆ ಕುಲುಕಾಟ ತಡೆಯುವುದಿಲ್ಲ, ಬಿರುಕು ಬಿಡುತ್ತದೆ. ಒಳ್ಳೆ ಪ್ಲೈವುಡ್ ತಗೊಳ್ಳಿ, ಹಿಂದೆ ಮರದ ಪಟ್ಟಿ (ರೀಪರ್) ಹೊಡೆಸಿ, ಮೇಲೆ ಬಟ್ಟೆ ಅಂಟಿಸಿ. ಸಕಲೇಶಪುರ, ಮೂಡಿಗೆರೆ ಕಡೆಯವರು ಇಲ್ಲಿದ್ದೀರಿ. ನಿಮ್ಮ ಮಳೆಗೆ ಪ್ಲೈವುಡ್ ಹಿಂಬದಿಯಿಂದ, ಅಂಚಿನಿಂದ ನೀರು ಕುಡಿಯುತ್ತದೆ. ಹಾಗಾಗಿ ಹಿಂದೆಯೂ, ನಾಲ್ಕು ಅಂಚಿಗೂ ಪ್ರೈಮರ್ ಹೊಡೆಯಲೇಬೇಕು.

ಉಬ್ಬುತಗ್ಗನ್ನು ಎಲ್ಲಿ ಮಾಡಬೇಕು? ಎರಡು ಜಾಗವಿದೆ. ಬಣ್ಣದ ಕೆಳಗಿನ ತಳದಲ್ಲಿ ಮಾಡಬಹುದು, ಬಣ್ಣದಲ್ಲೇ ಮಾಡಬಹುದು. ನಾನು ದೊಡ್ಡ ಏರಿಳಿತವನ್ನೆಲ್ಲ ತಳದಲ್ಲೇ ಮುಗಿಸುತ್ತೇನೆ. ಅಕ್ರಿಲಿಕ್ ಜೆಸ್ಸೊಗೆ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳದ ಲೇಪಕ್ಕೆ, ಅಮೃತಶಿಲೆಯ ಪುಡಿ ಸೇರಿಸಿ ಕಲಸಬೇಕು. ಹದ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಗಾರೆ ಕೆಲಸದವರ ಚಿಕ್ಕ ಕರಣೆಯಲ್ಲಿ ಎಳೆಯಿರಿ. ಒಂದು ಸಲಕ್ಕೆ ಎರಡು ಮೂರು ಮಿಲಿಮೀಟರ್ ಮೀರದಿರಲಿ. ಒಣಗಿದ ಮೇಲೆ ಇನ್ನೊಂದು ಪದರ. ಮರಳು ಸೇರಿಸುವುದಾದರೆ ಚೆನ್ನಾಗಿ ತೊಳೆದು ಒಣಗಿಸಿದ್ದೇ ಆಗಬೇಕು, ಉಪ್ಪು ಉಳಿಯಬಾರದು.

ನಮ್ಮಲ್ಲಿ ಕಾಫಿ ತುಂಬುವ ಗೋಣಿಚೀಲಕ್ಕೆ ಬರವಿಲ್ಲ. ಒಂದು ತುಂಡು ಗೋಣಿ ಹಸಿ ತಳದ ಮೇಲೆ ಹಾಸಿ ಅಂಗೈಯಿಂದ ಒತ್ತಿ. ತಕ್ಷಣ ಎತ್ತಿದರೆ ಪೂರ್ತಿ ಕಿತ್ತುಕೊಂಡು ಬರುತ್ತದೆ. ಒಣಗುವವರೆಗೆ ಬಿಟ್ಟರೆ ನಾರು ಅಲ್ಲೇ ಉಳಿಯುತ್ತದೆ. ಹಸಿ ತಳದ ಮೇಲಿನ ನೀರಿನ ಹೊಳಪು ಹೋಗಿ, ಇನ್ನೂ ಮೆತ್ತಗಿರುವ ಹೊತ್ತೊಂದು ಬರುತ್ತದೆ. ಆಗ ಒಂದು ಮೂಲೆಯಿಂದ ನಿಧಾನ ಬಿಡಿಸಿ. ನೇಯ್ಗೆಯ ಗುರುತು ಒಂದೊಂದು ಎಳೆ ಸಮೇತ ಕೂತಿರುತ್ತದೆ. ಗೋಣಿ ಹರಿದಿದ್ದರೆ ಇನ್ನೂ ಚೆನ್ನ. ಹರಿದ ಕಡೆ ನೇಯ್ಗೆ ತಪ್ಪಿ, ಅಲ್ಲೊಂದು ಬೋಳು ಜಾಗ ಸಿಗುತ್ತದೆ. ಕೈಯಿಂದ ಬರೆದರೆ ಅಷ್ಟು ಸಹಜವಾಗಿ ಬರುವುದಿಲ್ಲ.

ಒಂದು ಎಚ್ಚರಿಕೆ. ಅಗ್ಗಕ್ಕೆ ಸಿಗುತ್ತದೆ ಅಂತ ಬಿಳಿ ಸಿಮೆಂಟಿನ ವಾಲ್ ಪುಟ್ಟಿ ಬಳಸಬೇಡಿ. ಅದು ಕ್ಷಾರ. ಕ್ಷಾರ ಮತ್ತು ಎಣ್ಣೆ ಸೇರಿದರೆ ಸಾಬೂನಾಗುತ್ತದೆ. ನಿಮ್ಮ ಬಣ್ಣದಲ್ಲಿರುವ ಅಗಸೆ ಎಣ್ಣೆಗೂ ಅದೇ ಗತಿ, ಬಣ್ಣದ ಪದರ ಒಳಗಿಂದ ಹಾಳಾಗುತ್ತದೆ. ಅದರ ಜೊತೆ ಪುಟ್ಟಿ ಬಲು ಬಿರುಸು, ಹಲಗೆ ಸ್ವಲ್ಪ ಬಾಗಿದರೂ ಬಿಟ್ಟುಕೊಳ್ಳುತ್ತದೆ.

ತಳದಲ್ಲೇ ಉಬ್ಬು ಮಾಡುವುದಕ್ಕೆ ಕಾರಣ ಎಣ್ಣೆಯ ಸ್ವಭಾವ. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ತೆಳು ಪದರ ಕೆಲವು ದಿನಗಳಲ್ಲಿ ಮುಟ್ಟಿದರೆ ಅಂಟದ ಹಾಗಾಗುತ್ತದೆ. ಬೆರಳು ದಪ್ಪ ಹಚ್ಚಿದರೆ ಮೇಲೆ ತೊಗಲು ಕಟ್ಟಿ, ಒಳಗೆ ಎಷ್ಟೋ ಕಾಲ ಹಸಿಯಾಗೇ ಇರುತ್ತದೆ. ಮೇಲಿನದು ಒಣಗಿ ಒಳಗಿನದು ಚಲಿಸುತ್ತಿದ್ದರೆ ಸುಕ್ಕು ಬೀಳುತ್ತದೆ. ಮಲೆನಾಡಿನ ಜುಲೈ ತಿಂಗಳ ತಂಪಿನಲ್ಲಿ ಇನ್ನೂ ನಿಧಾನ. ಹಾಗಾಗಿ ಏರಿಳಿತದ ಭಾರವನ್ನು ತಳ ಹೊರಲಿ, ಎಣ್ಣೆ ಬಣ್ಣ ಅದರ ಮೇಲೆ ತೆಳುವಾಗಿ ಓಡಾಡಲಿ. ದುಡ್ಡೂ ಉಳಿಯುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಸ್ವಲ್ಪ ಜಾಸ್ತಿ, ಈ ಹಳೇ ನಿಯಮ ಮಾತ್ರ ಮುರಿಯಬೇಡಿ.

ಹಾಗಂತ ಎಣ್ಣೆ ಬಣ್ಣದ ದಪ್ಪವನ್ನು ಪೂರ್ತಿ ಬಿಡಬೇಕಿಲ್ಲ. ಪ್ಯಾಲೆಟ್ ನೈಫ್ ಎತ್ತುವಾಗ ಬಣ್ಣದ ಅಂಚು ಚೂಪಾಗಿ ಏಳುತ್ತದೆ, ನೋಡಿರುತ್ತೀರಿ. ಆ ಚೂಪು ಜೆಸ್ಸೊಗೆ ಬರುವುದಿಲ್ಲ. ಇಡೀ ಚಿತ್ರದಲ್ಲಿ ಒಂದೆರಡು ಕಡೆ, ಕಣ್ಣು ನಿಲ್ಲಬೇಕಾದ ಕಡೆ, ಅದನ್ನು ಇಟ್ಟುಕೊಳ್ಳಿ.

ಬಣ್ಣದ ವಿಷಯ. ಬೂದು ಅಂದರೆ ಕಪ್ಪು ಬಿಳಿ ಬೆರೆಸುವುದು ಅಂತ ನಾವೆಲ್ಲ ಶಾಲೆಯಲ್ಲಿ ಕಲಿತೆವು. ಐವರಿ ಬ್ಲ್ಯಾಕ್ ಮತ್ತು ಬಿಳಿ ಬೆರೆಸಿದರೆ ನೀಲಿಗೆ ವಾಲಿದ ತಣ್ಣನೆಯ ಬೂದು ಬರುತ್ತದೆ. ಅದೊಂದನ್ನೇ ಇಡೀ ಹಲಗೆಗೆ ಹಚ್ಚಿದರೆ ಚಿತ್ರ ಉಸಿರಾಡುವುದಿಲ್ಲ. ನಾನು ಕಪ್ಪಿನ ಟ್ಯೂಬ್ ಮುಟ್ಟುವುದು ಅಪರೂಪ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್ ಅನ್ನುವ ಕಡುಕಂದು, ಬಿಳಿ, ಈ ಮೂರು ಸಾಕು. ನೀಲಿ ಒಂದು ಚೂರು ಜಾಸ್ತಿಯಾದರೆ ಬೂದು ತಣ್ಣಗಾಗುತ್ತದೆ, ಅಂಬರ್ ಜಾಸ್ತಿಯಾದರೆ ಬೆಚ್ಚಗಾಗುತ್ತದೆ. ಎರಡನ್ನೂ ಬೇರೆ ಬೇರೆ ಬೆರೆಸಿ ಪಕ್ಕ ಪಕ್ಕ ಇಡಿ. ವ್ಯತ್ಯಾಸ ಪ್ಯಾಲೆಟ್ ಮೇಲೆ ಕಂಡೂ ಕಾಣದ ಹಾಗಿರಬೇಕು. ಹಲಗೆಯ ಮೇಲೆ ಎರಡೂ ಅಕ್ಕಪಕ್ಕ ಬಂದಾಗ ಅದು ದೊಡ್ಡದಾಗುತ್ತದೆ.

ಯಾಕೆ ಹಾಗೆ? ಫ್ರಾನ್ಸಿನ ಶೆವ್ರಲ್ ಅನ್ನುವ ರಸಾಯನ ವಿಜ್ಞಾನಿ ಇದನ್ನು ಬಿಡಿಸಿ ಹೇಳಿದರು. ಪ್ಯಾರಿಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವರ ಕೈಯಲ್ಲಿತ್ತು. ಕಪ್ಪು ದಾರ ಸರಿಯಾಗಿ ಕಪ್ಪಾಗಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ದಾರದ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ಬೇರೆ ಬಣ್ಣ ಅದನ್ನು ಕಣ್ಣಿಗೆ ಮಂಕು ಮಾಡುತ್ತಿತ್ತು. 1839ರಲ್ಲಿ ಅವರು ಇದರ ನಿಯಮಗಳನ್ನು ಪ್ರಕಟಿಸಿದರು. ನಮ್ಮ ಕೆಲಸಕ್ಕೆ ಇದು ನೇರವಾಗಿ ಒದಗುತ್ತದೆ. ಬೆಚ್ಚನೆಯ ಬೂದಿನ ಮಧ್ಯೆ ಯಾವ ಕಡೆಗೂ ವಾಲದ ಬೂದು ಇಟ್ಟರೆ ಅದು ನೀಲಿಯಾಗಿ ಕಾಣುತ್ತದೆ. ಟ್ಯೂಬಿನಿಂದ ನೀಲಿ ತೆಗೆಯದೆ ನೀಲಿ ಸಿಕ್ಕಿತು. ಬಣ್ಣ ತುಂಬಿದ ಚಿತ್ರದಲ್ಲಿ ಇಷ್ಟು ಸಣ್ಣ ಮಾತು ಯಾರಿಗೂ ಕೇಳಿಸುವುದಿಲ್ಲ. ಒಂದೇ ಬಣ್ಣದ ಚಿತ್ರದ ಸೊಗಸು ಅಲ್ಲಿದೆ.

ಬಿಳಿಯ ಟ್ಯೂಬ್ ಕೊಳ್ಳುವಾಗ ಹೆಸರು ನೋಡಿ ಕೊಳ್ಳಬೇಡಿ, ಹಿಂದಿನ ಸಣ್ಣಕ್ಷರದಲ್ಲಿರುವ ಬಣ್ಣದ ಪುಡಿಯ ಸಂಕೇತ ಓದಿ. ಪಿಡಬ್ಲ್ಯು 6 ಅಂದರೆ ಟೈಟಾನಿಯಂ, ಪಿಡಬ್ಲ್ಯು 4 ಅಂದರೆ ಝಿಂಕ್. ಎಷ್ಟೋ ಟ್ಯೂಬಿನಲ್ಲಿ ಎರಡೂ ಬೆರೆತಿರುತ್ತವೆ. ಝಿಂಕ್ ಬಿಳಿ ನೋಡಲು ತಿಳಿಯಾಗಿರುತ್ತದೆ, ಆದರೆ ವರ್ಷ ಕಳೆದಂತೆ ಬಿರುಸಾಗಿ ಪದರ ಪದರವಾಗಿ ಬಿಟ್ಟುಕೊಳ್ಳುವ ಗುಣ ಅದಕ್ಕಿದೆ. ದಪ್ಪ ಕೆಲಸಕ್ಕೆ ಬೇಡ. ಪಿಡಬ್ಲ್ಯು 1 ಸೀಸದ ಬಿಳಿ. ಹಳೇ ಯುರೋಪಿನ ಚಿತ್ರಕಾರರು ಅದರಲ್ಲಿ ಅದ್ಭುತ ಮಾಡಿದರು ನಿಜ, ಆದರೆ ಅದು ವಿಷ. ಕಾಲೇಜಿನ ಕೋಣೆಗೆ ತರಲೇಬೇಡಿ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಹಾಗಾಗಿ ಮೊದಲ ಪದರಕ್ಕೆ ಅದು ಹೇಳಿ ಮಾಡಿಸಿದ್ದು. ಐವರಿ ಬ್ಲ್ಯಾಕ್ ನಿಧಾನ, ಅದನ್ನು ಅಡಿಗೆ ಹಾಕಬೇಡಿ.

ಒಣಗಿದ ಉಬ್ಬುತಗ್ಗಿನ ಮೇಲೆ ತೆಳು ಅಂಬರ್ ಹಚ್ಚಿ ಬಟ್ಟೆಯಿಂದ ಒರೆಸಿದರೆ ಕುಳಿಯಲ್ಲಿ ಕಪ್ಪು ಉಳಿಯುತ್ತದೆ, ಏಣು ತಿಳಿಯಾಗುತ್ತದೆ. ಮೇಲೆ ತಿಳಿ ಬೂದನ್ನು ನೈಫ್ ಚಪ್ಪಟೆಯಾಗಿ ಹಿಡಿದು ಎಳೆದರೆ ಎದ್ದ ಏಣುಗಳಿಗೆ ಮಾತ್ರ ಹತ್ತುತ್ತದೆ. ಸುಲಭದ ಕೆಲಸ, ನೋಡಿದವರು ತಕ್ಷಣ "ಆಹಾ" ಅನ್ನುತ್ತಾರೆ. ಅದಕ್ಕೇ ಹೇಳುತ್ತೇನೆ, ಇಲ್ಲಿ ಕೈ ಬಿಗಿ ಹಿಡಿಯಿರಿ. ಎಲ್ಲ ಕುಳಿಗೂ ಕಪ್ಪು ತುಂಬಿದರೆ ಬೆಳಕಿಗೆ ಕೆಲಸವೇ ಉಳಿಯುವುದಿಲ್ಲ. ನೆರಳನ್ನು ನೀವೇ ಬಳಿದುಬಿಟ್ಟಿರಿ, ಇನ್ನು ಅದು ಯಾವ ಹೊತ್ತಿಗೂ ಬದಲಾಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಜಾಗ ಬರೀ ಬೆಳಕಿಗೆ ಬಿಡಿ. ಹಾಗೇ ಒರಟು ಎಲ್ಲ ಕಡೆ ಇದ್ದರೆ ಒರಟೇ ಇಲ್ಲದ ಹಾಗೆ. ಒಂದು ದೊಡ್ಡ ನುಣುಪು ಜಾಗ ಇರಲೇಬೇಕು.

ಹೊಳಪಿನ ವಿಷಯವೂ ಇಲ್ಲೇ ಬರುತ್ತದೆ. ಒಂದೇ ಬೂದು, ಒಂದು ಕಡೆ ಮಂಕು, ಇನ್ನೊಂದು ಕಡೆ ಹೊಳಪು ಇದ್ದರೆ ಎರಡು ಬಣ್ಣ ಸಿಕ್ಕ ಹಾಗೆ. ಕೋಲ್ಡ್ ವ್ಯಾಕ್ಸ್ ಅಂತ, ಬಣ್ಣಕ್ಕೆ ಬೆರೆಸುವ ಜೇನುಮೇಣದ ಮಿಶ್ರಣ (ಮೀಡಿಯಂ) ಡಬ್ಬದಲ್ಲಿ ಸಿಗುತ್ತದೆ. ಬಣ್ಣಕ್ಕೆ ಮೂರನೇ ಒಂದು ಪಾಲಿನಷ್ಟು ಬೆರೆಸಿದರೆ ಮಂಕು ಬರುತ್ತದೆ. ಹೊಳಪು ಬೇಕಾದ ಕಡೆ ಎಣ್ಣೆ ಸ್ವಲ್ಪ ಸೇರಿಸಿ. ಆದರೆ ಆಮೇಲೆ ಇಡೀ ಚಿತ್ರಕ್ಕೆ ಒಂದೇ ವಾರ್ನಿಷ್ ಬಳಿದರೆ ಇಷ್ಟೂ ಶ್ರಮ ನೀರುಪಾಲು. ಮಂಕೂ ಹೋಯಿತು, ಹೊಳಪೂ ಹೋಯಿತು, ಕುಳಿಗಳಲ್ಲಿ ವಾರ್ನಿಷ್ ನಿಂತುಕೊಂಡಿತು. ನಾನು ಇಂಥ ಚಿತ್ರಕ್ಕೆ ವಾರ್ನಿಷ್ ಹಾಕುವುದಿಲ್ಲ.

ಇಷ್ಟೆಲ್ಲ ಎಲ್ಲಿಂದ ಶುರು ಮಾಡುವುದು, ಸುಮ್ನೆ ಕೈ ಹೋದ ಹಾಗೆ ಕರಣೆ ಎಳೆಯುವುದಾ? ಹಾಗೆ ಮಾಡಿದರೆ ಬೇಗ ಖಾಲಿಯಾಗುತ್ತೀರಿ. ಯಾವುದಾದರೂ ಒಂದು ಮೇಲ್ಮೈ ನೋಡಿ ಬನ್ನಿ. ಶೆಟ್ಟಿಹಳ್ಳಿಗೆ ಹೋಗಿ. 1860ರ ದಶಕದ ಚರ್ಚು, ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಬರುತ್ತದೆ. ಎಲ್ಲರೂ ಕಮಾನಿನ ಫೋಟೊ ತೆಗೆಯುತ್ತಾರೆ. ನೀವು ಗೋಡೆಯ ಹತ್ತಿರ ಹೋಗಿ ನೋಡಿ. ನೀರು ನಿಂತು ಇಳಿದ ಗೆರೆಗಳು ಅಡ್ಡಡ್ಡ ಇವೆ. ಗಾರೆ ಉದುರಿದ ಕಡೆ ಒರಟು, ಉಳಿದ ಕಡೆ ನಯ. ಕೆಳಗೆ ನೀರು ಬಿಟ್ಟುಹೋದ ನೆಲದಲ್ಲಿ ಮೆಕ್ಕಲು ಒಣಗಿ ಬಿರುಕು. ಕಮಾನನ್ನು ಬಿಟ್ಟುಬಿಡಿ. ನೀರಿನ ಗೆರೆಗಳ ನಡುವಿನ ಅಂತರವನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳಿ. ಎಲ್ಲಿ ಹತ್ತಿರ ಹತ್ತಿರ, ಎಲ್ಲಿ ದೂರ. ಆ ಅಂತರವೇ ನಿಮ್ಮ ಚಿತ್ರದ ಎಲುಬು. ನೋಡುವವರಿಗೆ ಅದು ಶೆಟ್ಟಿಹಳ್ಳಿ ಅಂತ ಗೊತ್ತಾಗಬೇಕಿಲ್ಲ. ಆದರೆ ಯಾವುದೋ ನಿಜವಾದ ವಸ್ತುವಿನ ತೂಕ ಅದರಲ್ಲಿದೆ ಅಂತ ಅನ್ನಿಸುತ್ತದೆ.

ಕೆಲಸ ಮಾಡುವ ಕೋಣೆಯಲ್ಲಿ ಒಂದೇ ಒಂದು ದೀಪ ಸಾಕು. ಹಲಗೆಯ ಎಡಗಡೆ, ಮೇಲ್ಮೈಯನ್ನು ಸವರುವ ಹಾಗೆ ಓರೆಯಾಗಿ ಇಡಿ. ಕೆಲಸ ನಡೆದಂತೆ ದೀಪವನ್ನು ಬಲಕ್ಕೆ, ಮೇಲಕ್ಕೆ ಇಟ್ಟು ನೋಡುತ್ತಿರಿ. ಒಂದು ವಿಚಿತ್ರ ಕಾಣುತ್ತೀರಿ. ದೀಪವನ್ನು ಕೆಳಗಿನಿಂದ ಹಿಡಿದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣಲು ಶುರುವಾಗುತ್ತದೆ. ಬೆಳಕು ಮೇಲಿನಿಂದ ಬರುತ್ತದೆ ಅಂತ ನಮ್ಮ ಕಣ್ಣು, ಮೆದುಳು ನಂಬಿಕೊಂಡಿವೆ. ಚಂದ್ರನ ಕುಳಿಗಳ ಫೋಟೊ ತಲೆಕೆಳಗು ಹಿಡಿದರೆ ಅವು ಗುಡ್ಡಗಳಾಗಿ ಕಾಣುವುದೂ ಇದರಿಂದಲೇ. ಹಾಗಾಗಿ ಚಿತ್ರ ಕೊಂಡವರಿಗೆ, ಪ್ರದರ್ಶನ ಮಾಡುವವರಿಗೆ ಹಲಗೆಯ ಹಿಂದೆ ಬರೆದುಕೊಡಿ: ಮೇಲ್ಗಡೆ ಯಾವುದು, ಬೆಳಕು ಯಾವ ಕಡೆಯಿಂದ ಬರಬೇಕು. ಕಿಟಕಿಯ ಎದುರಿನ ಗೋಡೆಗಿಂತ ಕಿಟಕಿಯ ಪಕ್ಕದ ಗೋಡೆ ಇದಕ್ಕೆ ಸರಿ.

ಮೂರು ಮಾತು ಜೋಪಾನದ್ದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಕಟ್ಟಿ ಮೂಲೆಗೆ ಎಸೆಯಬೇಡಿ. ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ. ಉಂಡೆಯೊಳಗಿನ ಬಿಸಿ ಹೊರಗೆ ಹೋಗಲಾರದೆ ತಾನಾಗಿ ಬೆಂಕಿ ಹತ್ತಬಹುದು. ನೀರಿನ ಬಕೆಟ್ಟಿಗೆ ಹಾಕಿ, ಇಲ್ಲ ಹೊರಗೆ ಒಂದೊಂದಾಗಿ ಹರಡಿ. ಇದನ್ನು ಶಿಕ್ಷಕರು ಮೊದಲ ದಿನವೇ ಹೇಳಬೇಕು. ಇನ್ನೊಂದು, ಮಳೆಗಾಲದಲ್ಲಿ ಚಿತ್ರವನ್ನು ತೇವದ ಗೋಡೆಗೆ ಅಂಟಿಸಿದ ಹಾಗೆ ನೇತುಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡಲಿ. ಬಿಳಿ ಚಿತ್ರವನ್ನು ಕತ್ತಲೆಯಲ್ಲಿ ಸುತ್ತಿಟ್ಟರೆ ಎಣ್ಣೆ ಹಳದಿಗೆ ತಿರುಗುತ್ತದೆ. ನೇರ ಬಿಸಿಲು ಬೀಳದ, ಬೆಳಕಿರುವ ಜಾಗದಲ್ಲಿ ಕೆಲವು ವಾರ ಇಟ್ಟರೆ ಬಹುಪಾಲು ವಾಪಸ್ ಬರುತ್ತದೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಒಳ್ಳೆ ಪ್ರಶ್ನೆ ಕೇಳಿದರು: "ಸರ್, ಪ್ರದರ್ಶನಕ್ಕೆ ಅರ್ಜಿ ಹಾಕುವಾಗ ಫೋಟೊ ಕಳಿಸಬೇಕು. ಮೊಬೈಲಿನಲ್ಲಿ ತೆಗೆದರೆ ಬರೀ ಬೂದು ಹಲಗೆ ಬರುತ್ತದೆ, ಏನು ಮಾಡೋದು?" ನಾನು ಹೇಳಿದ್ದು ಇಷ್ಟು: ಸಾಮಾನ್ಯವಾಗಿ ಚಿತ್ರದ ಫೋಟೊ ತೆಗೆಯುವಾಗ ಎರಡೂ ಕಡೆ ಸಮನಾಗಿ ದೀಪ ಇಡುತ್ತಾರೆ. ಆ ಎರಡು ದೀಪ ಒಂದರ ನೆರಳನ್ನು ಇನ್ನೊಂದು ಅಳಿಸುತ್ತವೆ. ನಮ್ಮ ಚಿತ್ರಕ್ಕೆ ಅದು ಆಗುವುದಿಲ್ಲ. ಫ್ಲ್ಯಾಶ್ ಆಫ್ ಮಾಡಿ. ಒಂದೇ ಕಿಟಕಿಯ ಬೆಳಕು ಪಕ್ಕದಿಂದ ಬರುವ ಕೋಣೆಯಲ್ಲಿ ಚಿತ್ರ ನಿಲ್ಲಿಸಿ, ಬೇರೆ ದೀಪ ಆರಿಸಿ. ಮೊಬೈಲ್ ತಾನಾಗಿ ಬಿಳಿಯ ಹದ ಬದಲಿಸಿ ಬೆಚ್ಚನೆಯ ಬೂದನ್ನು ತಣ್ಣಗೆ ಮಾಡಿಬಿಡುತ್ತದೆ, ಪ್ರೊ ಮೋಡಿನಲ್ಲಿ ವೈಟ್ ಬ್ಯಾಲೆನ್ಸನ್ನು ನೀವೇ ಹೊಂದಿಸಿ. ಇಡೀ ಚಿತ್ರದ್ದು ಒಂದು ಫೋಟೊ, ಅಂಗೈ ಅಗಲದ ಜಾಗದ್ದು ಹತ್ತಿರದಿಂದ ಇನ್ನೊಂದು. ಎರಡನ್ನೂ ಕಳಿಸಿ.